ಕೊನೆಯ ಪುಟದ ಇಪ್ಪತ್ತಮೂರು ಪಾಸ್‌ವರ್ಡ್

ಜೂನ್ 11, ಬುಧವಾರ. ಸಂಜೆ 6.40

ಅರ್ಧ ಹಲ್ಲು ಕೊರೆಸಿಕೊಂಡು ಬಂದು ಕೂತಿದ್ದೇನೆ. ಉಳಿದರ್ಧ ಶುಕ್ರವಾರ. ಎಡಗೆನ್ನೆ ಇನ್ನೂ ಮರಗಟ್ಟಿದೆ. ಕಾಫಿ ಕುಡಿದರೆ ಅರ್ಧ ಸೀರೆಗೆ.

ಆದದ್ದು ಇಷ್ಟು. ಡೆಂಟಿಸ್ಟ್ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ, ಬಾಯಿ ತುಂಬ ಹತ್ತಿ. ಫೋನ್ ಬಂತು — ಕೃಪಾ. ನಮ್ಮ ಫ್ಯಾಕ್ಟರಿಯ ಡಿಸ್‌ಪ್ಯಾಚ್ ನೋಡಿಕೊಳ್ಳುವವಳು. ನರ್ಸ್ ಪಾಪ ಸ್ಪೀಕರ್ ಹಾಕಿ ನನ್ನ ಕಿವಿಯ ಹತ್ತಿರ ಹಿಡಿದಳು.

"ಯಮುನಕ್ಕ, ಲಾರಿ ಗೇಟಲ್ಲೇ ನಿಂತಿದೆ. ಕಸ್ಟಮರ್ ಪೋರ್ಟಲಲ್ಲಿ ಇನ್‌ವಾಯ್ಸ್ ಹಾಕ್ದೆ ಹೋದ್ರೆ ಅವ್ರು ಮಾಲು ಒಳಗೆ ಬಿಡಲ್ವಂತೆ. ಪಾಸ್‌ವರ್ಡ್ ಹೇಳ್ಬಿಡಿ ಅಕ್ಕ, ಪ್ಲೀಸ್."

ಹಿಂದಿನಿಂದ ನಮ್ಮ ಓನರ್ ಶ್ಯಾಮಣ್ಣ: "ಜೋರಾಗಿ ಏಳಕ್ಕೇಳು. ನಾನೂ ಬರ್ಕೋತೀನಿ."

ಹೇಗೆ ಹೇಳಲಿ? ಹತ್ತಿ ಒಂದು ಕಾರಣ. ಇನ್ನೊಂದು ಕಾರಣ ಈ ಡೈರಿಗೆ ಮಾತ್ರ ಗೊತ್ತು. ಆ ಪೋರ್ಟಲ್‌ಗೆ ಆರು ತಿಂಗಳಿಗೊಮ್ಮೆ ಹೊಸ ಪಾಸ್‌ವರ್ಡ್ ಇಡಬೇಕು. ಏಪ್ರಿಲ್‌ನಲ್ಲಿ ಯಾವುದೋ ಸಿಟ್ಟಿನಲ್ಲಿದ್ದೆ. ಇಟ್ಟದ್ದು — ಗೊಣಗಪ್ಪಶ್ಯಾಮಣ್ಣ@25. ಇಂಗ್ಲಿಷ್ ಅಕ್ಷರದಲ್ಲಿ.

ಊಂ ಊಂ ಅಂದೆ. ಎದ್ದೆ. ಹತ್ತಿ ಉಗಿದೆ. ಡಾಕ್ಟರ್ ಕರೆಯುತ್ತಲೇ ಇದ್ದರು. ದಾಸರಹಳ್ಳಿಯಿಂದ ಪೀಣ್ಯಕ್ಕೆ ಆಟೋ. ಕುತ್ತಿಗೆಯಲ್ಲಿ ಕ್ಲಿನಿಕ್‌ನ ನೀಲಿ ಟವೆಲ್ ಹಾಗೇ ಇತ್ತು. ಎಲ್ಲರನ್ನೂ ಆಚೆ ಕಳಿಸಿ, ಕೀಬೋರ್ಡಿಗೆ ಸೆರಗು ಮರೆ ಮಾಡಿ ಒತ್ತಿದೆ. ಲಾರಿ ಹೊರಟಿತು.

ಟವೆಲ್ ವಾಪಸ್ ಕೊಡಬೇಕು.


ಜೂನ್ 12

ಬೆಳಿಗ್ಗೆ ಸೌಮ್ಯಳ ಫೋನ್. ಕಾಲೇಜಿನಿಂದ ಜೊತೆಗಿರುವ ಒಬ್ಬಳೇ ಗೆಳತಿ. ಅಕ್ಟೋಬರ್‌ನಲ್ಲಿ ಉತ್ತರಾಖಂಡಕ್ಕೆ ಟ್ರೆಕ್, ನಲವತ್ತೈದು ದಾಟಿದ ಹೆಂಗಸರದ್ದೇ ಗುಂಪು. ಐದು ದಿನ ಬೆಟ್ಟದ ಮೇಲೆ. "ಹಿಮ ಕಣೇ, ಮುಟ್ಟಬಹುದಂತೆ!" ಅಂದಳು. ಹದಿನೆಂಟು ವರ್ಷದವಳಿದ್ದಾಗ ಕ್ಯಾಲೆಂಡರಿನ ಹಿಮಾಲಯ ಕತ್ತರಿಸಿ ಟ್ರಂಕಿನ ಒಳಮುಚ್ಚಳಕ್ಕೆ ಅಂಟಿಸಿಕೊಂಡಿದ್ದೆ. ಅವಳಿಗೆ ಅದು ನೆನಪಿದೆ. ನನಗೆ ಅಳು ಬಂತು.

ಆಸೆಯಿಂದ ಶ್ಯಾಮಣ್ಣನ ಹತ್ತಿರ ಹೋದೆ. ಚಿಕ್ಕಬಾಣಾವರದವರು, ಮೊದಲು ರಾಗಿ ಬೆಳೆಯುತ್ತಿದ್ದ ಮನೆ. ಈಗ ಹೊಲದ ತುಂಬ ಬಾಡಿಗೆ ಮನೆಗಳು, ಇಲ್ಲಿ ಈ ರಬ್ಬರ್ ಗ್ಯಾಸ್ಕೆಟ್ ಫ್ಯಾಕ್ಟರಿ. ನಾವು ಒಟ್ಟು ಹನ್ನೆರಡು ಜನ.

"ಐದು ದಿನ ಪೋನೂ ಸಿಗಲ್ಲ ಅಂತೀಯ. ನೆನ್ನೆ ಒಂದು ಗಂಟೆ ಅಲ್ಲು ಕೊರ್ಸೋಕೆ ಓಗಿದ್ದಕ್ಕೆ ಲಾರಿ ನಿಂತೋಯ್ತು," ಅಂದರು. ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡು, "ನೀನಿಲ್ದೆ ಬೀಗ ಎಲ್ಲಾ ತೆಗಿಯೋ ಅಂಗೆ ಮಾಡು. ಅದೊಂದು ಮಾಡು, ಓಗ್ಬಾ. ಎಲ್ಲಿಗಾದ್ರೂ ಓಗ್ಬಾ."

ನ್ಯಾಯವಾದ ಮಾತು. ಹದಿನಾಲ್ಕು ವರ್ಷ ಎಲ್ಲ ಬೀಗವನ್ನೂ ನಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದೇನೆ. ಅದರಲ್ಲಿ ಜಂಬವೂ ಇತ್ತು. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.


ಜೂನ್ 30

ಪೀಣ್ಯ ಮೆಟ್ರೋ ಸ್ಟೇಷನ್ ಮೆಟ್ಟಿಲು ಎಂಟು ಸಲ ಹತ್ತಿ ಇಳಿದೆ. ಟ್ರೆಕ್ ತಯಾರಿ. ಆರನೇ ಸಲಕ್ಕೆ ಸೆಕ್ಯುರಿಟಿಯವರು ಬಂದರು. "ಮೇಡಂ, ಏನಾದ್ರೂ ಕಳ್ಕೊಂಡ್ರಾ?"

ತೂಕ ಅಂದೆ.


ಜುಲೈ 5, ಶನಿವಾರ

ನಂದೀಶ್ ಬಂದಿದ್ದ. ಶ್ಯಾಮಣ್ಣನ ಅಕ್ಕನ ಮಗ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಿಸ್ಟಂ ಸೆಕ್ಯುರಿಟಿ ಕೆಲಸ. ಎರಡೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಬೆಂದು ಬಂದವನಿಗೆ ಮೊದಲು ಮಜ್ಜಿಗೆ.

"ಈಗ ಪಾಸ್‌ವರ್ಡೆಲ್ಲಾ ಎಲ್ಲಿಟ್ಟಿದೀರ ಆಂಟಿ?"

ಡೈರಿಯ ಕೊನೆಯ ಪುಟ ಅಂದೆ. ತಲೆ ಮೇಲೆ ಕೈ ಹೊತ್ತುಕೊಂಡ. ಕೃಪಾ ವಾಟ್ಸಾಪ್ ಗ್ರೂಪ್ ಮಾಡೋಣ ಅಂದಳು. ಇನ್ನೊಂದು ಕೈಯನ್ನೂ ಹೊತ್ತುಕೊಂಡ.

"ಬೋರ್ಡ್ ಮೇಲೆ ಬರ್ದು ತಗಲಾಕಣ ಬಿಡ್ಲಾ," ಅಂದರು ಶ್ಯಾಮಣ್ಣ. "ಎಲ್ಲಾ ನಮ್ಮೋರೇ ತಾನೆ?"

"ಮಾವ, ಅದು ಕ್ಯಾಂಟೀನ್ ಮೆನು ಅಲ್ಲ."

ಪಾಸ್‌ವರ್ಡ್ ಮ್ಯಾನೇಜರ್ ಅಂತ ಒಂದು ಆ್ಯಪ್ ಹಾಕಿಕೊಟ್ಟ. ಶ್ಯಾಮಣ್ಣ ಅದಕ್ಕೆ ಆಗಲೇ 'ಪೆಟ್ಗೆ' ಅಂತ ಹೆಸರಿಟ್ಟರು. ಪೆಟ್ಟಿಗೆ ಒಂದೇ, ಆದರೆ ನಾನು, ಕೃಪಾ, ಶ್ಯಾಮಣ್ಣ — ಮೂವರಿಗೂ ಬೇರೆ ಬೇರೆ ಕೀಲಿ. ಕೀಲಿ ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ. ಯಾರಿಗೂ ಹೇಳುವ ಹಾಗಿಲ್ಲ, ಎಲ್ಲೂ ಬರೆಯುವ ಹಾಗಿಲ್ಲ. ಒಳಗೆ ಹಂಚಿಕೊಂಡದ್ದು ಮೂವರಿಗೂ ಕಾಣುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಅವರ ಕೀಲಿ ತೆಗೆದು, ಒಳಗಿನ ಪಾಸ್‌ವರ್ಡ್ ಬದಲಾಯಿಸಿದರಾಯಿತು. ನಾಲ್ಕು ಪದ ಮರೆತರೆ ಗತಿಯೇನು ಅಂದೆ. ಒಂದೇ ಒಂದು ಸಲ ಚೀಟಿಯಲ್ಲಿ ಬರೆದು, ಕವರಿಗೆ ಅಂಟು ಹಾಕಿ ಲಾಕರಿನಲ್ಲಿಡಿ ಅಂದ.

ಒ.ಟಿ.ಪಿ. ಇನ್ನು ಮೇಲೆ ಆಫೀಸ್ ಫೋನಿಗೇ ಬರುವ ಹಾಗೆ ಮಾಡಿದ. ಕೊನೆಗೆ ಹಿಸ್ಟರಿ ಅಂತ ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಕಾರ್ಬನ್ ಪುಡಿಯ ಲೋಡ್ ಬಂತು, ಎಣಿಸಿ ಇಳಿಸಿಕೊಳ್ಳಲು ಎದ್ದು ಹೋದೆ.


ಆಗಸ್ಟ್ 9, ಎರಡನೇ ಶನಿವಾರ

ಆಫೀಸಿನಲ್ಲಿ ಒಬ್ಬಳೇ. ಕೊನೆಯ ಪುಟ ನೋಡಿಕೊಂಡು ಇಪ್ಪತ್ತಮೂರನ್ನೂ ಪೆಟ್ಟಿಗೆಗೆ ಹಾಕಿದೆ. ಹಾಕುತ್ತಾ ಹಾಕುತ್ತಾ ಒಂದೊಂದನ್ನೂ ಓದಿದೆ. ಒಂದೊಂದು ಒಂದೊಂದು ವರ್ಷದ್ದು. ಆಯಾ ವರ್ಷ ತಲೆಯಲ್ಲಿ ಏನಿತ್ತೋ ಅದೇ ಪಾಸ್‌ವರ್ಡ್. ಕರೆಂಟ್ ಬಿಲ್‌ನದ್ದು ಮೂರೇತಿಂಗಳು@2011. ಮೂರು ತಿಂಗಳಿದ್ದು ಬಿಟ್ಟುಬಿಡುತ್ತೇನೆ ಅಂತ ಸೇರಿದ್ದೆ! ಇಮೇಲ್‌ನದ್ದು ಕಿಟಕಿಕೊಡ್ರೀ#2018. ನನ್ನ ಕ್ಯಾಬಿನ್‌ಗೆ ಕಿಟಕಿ ಇಲ್ಲ, ಎದುರಿಗೆ ಬರಿ ಗೋಡೆ. ಕೊರಿಯರ್‌ನದ್ದು ಹನ್ನೆರಡೂಜನಉಳೀಲಿ@2020. ಮತ್ತೆ ಗೊಣಗಪ್ಪ ಬೇರೆ.

ಇವನ್ನು ಅವರ ಕೈಗೆ ಕೊಡುವುದೇ? ಸೋಮವಾರ ಅವರು ತೆರೆಯುವ ಮೊದಲು ಎಲ್ಲ ಬದಲಾಯಿಸಬೇಕು. ಕೂತೆ. ಒಂದೊಂದೇ ಪೋರ್ಟಲ್‌ಗೆ ಹೋಗಿ, ಆ್ಯಪ್ ತಾನೇ ಹುಟ್ಟಿಸಿಕೊಡುವ ಅರ್ಥವಿಲ್ಲದ ಉದ್ದುದ್ದ ಪಾಸ್‌ವರ್ಡ್ ಹಾಕಿ, ಪೆಟ್ಟಿಗೆಯಲ್ಲೂ ತಿದ್ದಿ ಸೇವ್. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು. ಇಪ್ಪತ್ತಮೂರೂ ಮುಗಿಯಿತು. ಗೊಣಗಪ್ಪ ಸತ್ತ.

ಮನೆಗೆ ಬಂದು ಡೈರಿಯ ಕೊನೆಯ ಪುಟ ಹರಿದು ಒಲೆಗೆ ಹಿಡಿದೆ. ಹಾರಿಹೋದ ಬೂದಿ ಅನ್ನದ ಪಾತ್ರೆಗೆ ಬಿತ್ತು. ಇನ್ನು ಮೇಲೆ ಜೀವಂತ ಪಾಸ್‌ವರ್ಡ್ ಒಂದನ್ನೂ ಈ ಡೈರಿಯಲ್ಲಿ ಬರೆಯುವುದಿಲ್ಲ. ಆಣೆ.


ಸೆಪ್ಟೆಂಬರ್ 10, ಬುಧವಾರ

ಇವತ್ತು ಪರೀಕ್ಷೆ. ನನಗಲ್ಲ, ಅವರಿಗೆ. ಫೋನ್ ಆಫ್ ಮಾಡಿ ಎದುರಿನ ದರ್ಶಿನಿಯಲ್ಲಿ ಹತ್ತರಿಂದ ನಾಲ್ಕರವರೆಗೆ ಕೂತೆ. ಗೇಟ್ ಕಾಣುವ ಟೇಬಲ್. ಮೂರು ಕಾಫಿ, ಒಂದು ಪುಳಿಯೋಗರೆ. ಲಾರಿ ಬಂತು. ಈಗ ಕೃಪಾ ಓಡಿ ಬರುತ್ತಾಳೆ, ಈಗ ಬರುತ್ತಾಳೆ... ಲಾರಿ ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

ನಾಲ್ಕಕ್ಕೆ ಒಳಗೆ ಹೋದೆ. ಕೃಪಾ ತಲೆಯೆತ್ತಿದಳು. "ಅಕ್ಕ, ಬಂದ್ರಾ? ಏನೂ ಇರ್ಲಿಲ್ಲ ಇವತ್ತು. ಎಲ್ಲಾ ಆಯ್ತು."

ಶ್ಯಾಮಣ್ಣ ಲೀವ್ ಅರ್ಜಿಗೆ ಸಹಿ ಹಾಕಿ, "ನಡಿ, ಬೆಟ್ಟ ಅತ್ತು," ಅಂದರು.

ತುಂಬಾ ಖುಷಿ. ಸ್ವಲ್ಪ ಹೊಟ್ಟೆಕಿಚ್ಚು. ನಾನಿಲ್ಲದಿದ್ದರೂ ನಡೆಯುತ್ತದೆ ಅಂತ ಕಣ್ಣಾರೆ ನೋಡುವುದು ಸುಲಭವಲ್ಲ.


ಅಕ್ಟೋಬರ್ 1, ಆಯುಧಪೂಜೆ

ಮೆಷಿನ್ನಿಗೆಲ್ಲ ಬಾಳೆಕಂದು, ಹೂವು. ಬೂದುಗುಂಬಳ ಒಡೆದಾಯಿತು. ಕಂಪ್ಯೂಟರಿಗೆ ಕುಂಕುಮ ಇಡುತ್ತಿದ್ದ ಕೃಪಾಳನ್ನು ಶ್ಯಾಮಣ್ಣ ತಡೆದರು. "ಪೆಟ್ಗೆಗೆ ಎಲ್ಲಮ್ಮ ಪೂಜೆ?"

ಪೆಟ್ಟಿಗೆ ಕಣ್ಣಿಗೆ ಕಾಣುವುದಿಲ್ಲವಲ್ಲ. ಕೊನೆಗೆ ನನ್ನ ನಾಲ್ಕು ಪದದ ಕವರನ್ನೇ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಅಂಟಿನ ಮೇಲೆ ಅವರದೂ ನನ್ನದೂ ಸಹಿ. ಆಮೇಲೆ ಲಾಕರಿಗೆ. ನಂದೀಶ್‌ಗೆ ಫೋಟೋ ಕಳಿಸಿದೆವು. ಇಷ್ಟು ಸೆಕ್ಯೂರ್ ಕವರ್ ನಮ್ಮ ಕಂಪನಿಯಲ್ಲೂ ಇಲ್ಲ ಅಂತ ಉತ್ತರ ಬಂತು.


ಅಕ್ಟೋಬರ್ 6, ಸೋಮವಾರ. ಉತ್ತರಾಖಂಡ, ಬೆಟ್ಟದ ಬುಡದ ಹಳ್ಳಿ. ಸಂಜೆ 5

ಬಂದುಬಿಟ್ಟೆ! ನಿಜಕ್ಕೂ ಬಂದುಬಿಟ್ಟೆ. ದೂರದಲ್ಲಿ ಬೆಳ್ಳಗೆ ಕಾಣುತ್ತಿದೆ. ನನ್ನ ಟ್ರಂಕಿನ ಮುಚ್ಚಳ. ಮೂಗು ಕೆಂಪಗಾಗಿದೆ ಅಂತ ಸೌಮ್ಯ ನಗುತ್ತಿದ್ದಾಳೆ.

ಇಲ್ಲಿಂದ ಮೇಲೆ ಸಿಗ್ನಲ್ ಇಲ್ಲ. ಫೋನ್ ಆಫ್ ಮಾಡಬೇಕು ಅನ್ನುವಷ್ಟರಲ್ಲಿ ಶ್ಯಾಮಣ್ಣ.

"ಮುಟ್ಟಿದೇನಮ್ಮ? ಸರಿ. ಈ ಪೆಟ್ಗೆ ಸಕ್ಕತ್ತಾಗೈತೆ ಕಣಮ್ಮ. ಕೂತು ಒಂದೊಂದೇ ಒತ್ತಿ ನೋಡ್ತಿವ್ನಿ. ಕೆಳಗಡೆ ಇಸ್ಟರಿ ಅಂತ ಐತೆ. ಒತ್ತಿದ್ರೆ ಅಳೇ ಪಾಸ್‌ವರ್ಡೆಲ್ಲಾ ಅಂಗೇ ಬತ್ತವೆ. ಕೃಪಾ ಓದಿ ಏಳಿದ್ಲು. ಅಲ್ಲಾ ಯಮುನಾ, ಈ ಗೊಣಗಪ್ಪ ಶ್ಯಾಮಣ್ಣ ಅಂದ್ರೆ ಯಾರು—"

ಕಟ್.

ಫೋನ್ ಎತ್ತಿ ಹಿಡಿದೆ. ಕಲ್ಲು ಹತ್ತಿ ನಿಂತೆ. ಒಂದು ಕಡ್ಡಿಯೂ ಇಲ್ಲ.

ಬದಲಾಯಿಸಿದ ಹಳೆಯದನ್ನೂ ಪೆಟ್ಟಿಗೆ ಇಟ್ಟುಕೊಳ್ಳುತ್ತದೆ... ನಂದೀಶ್ ಅವತ್ತು ಹೇಳುತ್ತಿದ್ದದ್ದು ಇದನ್ನೇ. ನಾನು ಕಾರ್ಬನ್ ಚೀಲ ಎಣಿಸುತ್ತಿದ್ದೆ.


ಅಕ್ಟೋಬರ್ 8. ಎರಡನೇ ಕ್ಯಾಂಪ್

ಹಿಮ ಮುಟ್ಟಿದೆ. ನಾಲಿಗೆಯ ಮೇಲೂ ಇಟ್ಟೆ. ಕೊರೆಸಿಕೊಂಡ ಹಲ್ಲು ಜುಂ ಅಂದಿತು. ಐವತ್ತು ಮುಟ್ಟುತ್ತಿರುವ ಹೆಂಗಸರು ಹಿಮದ ಮೇಲೆ ಜಾರುಬಂಡೆ ಆಡಿದೆವು. ಹೊಟ್ಟೆ ನೋಯುವಷ್ಟು ನಕ್ಕೆ.

ನಡುನಡುವೆ ಗೊಣಗಪ್ಪ ನೆನಪಾಗಿ ನಗು ನಿಲ್ಲುತ್ತದೆ. ಸೌಮ್ಯಳಿಗೆ ಎಲ್ಲ ಹೇಳಿದೆ. ಅವಳು ನಕ್ಕ ರಭಸಕ್ಕೆ ಟೆಂಟಿನ ಗೂಟ ಕಿತ್ತುಬಂತು. ನನಗೆ ಮಾತ್ರ ಭಯ. ಕೆಲಸ ಹೋಗುತ್ತದೆ ಅಂತಲ್ಲ. ಹದಿನಾಲ್ಕು ವರ್ಷ ಗೊಣಗುತ್ತಲೇ ನನ್ನನ್ನು ನಂಬಿದವರು. ಲಾಕ್‌ಡೌನಿನಲ್ಲಿ ಒಬ್ಬರನ್ನೂ ಕೈಬಿಡದೆ, ಮನೆಮನೆಗೆ ತಾವೇ ರಾಗಿ ಹಿಟ್ಟು ತಲುಪಿಸಿದವರು. ಅವರ ಮನಸ್ಸು ನೋಯಿಸಿದೆನಲ್ಲ. ಊರಿಗೆ ಹೋದ ತಕ್ಷಣ ಕ್ಷಮೆ ಕೇಳುತ್ತೇನೆ.


ಅಕ್ಟೋಬರ್ 11, ಶನಿವಾರ. ಇಳಿದ ಮೇಲೆ, ಟೀ ಅಂಗಡಿ

ಸಿಗ್ನಲ್ ಬಂತು. ಹದಿನಾರು ಮೆಸೇಜ್ ಒಟ್ಟಿಗೆ.

ಮೊದಲು ಕೃಪಾಳದ್ದು ಓದಿದೆ. ಇನ್‌ವಾಯ್ಸ್ ಎಲ್ಲ ಹೋಗಿದೆ. ಇವತ್ತು ಕೊನೆಯ ದಿನವಿದ್ದ ಟ್ಯಾಕ್ಸ್ ರಿಟರ್ನ್ ನಿನ್ನೆಯೇ ಮುಗಿಸಿದ್ದಾಳೆ. ಪಾಸ್‌ವರ್ಡ್ ಕೇಳಿದ ಮೆಸೇಜ್ ಒಂದೂ ಇಲ್ಲ. ಭಲೇ ಹುಡುಗಿ.

ಆಮೇಲೆ ಶ್ಯಾಮಣ್ಣನ ವಾಯ್ಸ್ ಮೆಸೇಜ್. ಮೂರು ಸಲ ಕೇಳಿದೆ. ಮರೆಯಬಾರದು, ಹಾಗೇ ಬರೆದಿಡುತ್ತೇನೆ:

"ಯಮುನಾ, ಇಪ್ಪತ್ಮೂರೂ ಓದ್ಸಿ ಕೇಳ್ದೆ. ಗೊಣಗಪ್ಪ ಅಂತ ಮನೇಲಿ ಏಳಿದ್ದಕ್ಕೆ ನಮ್ ವೆಂಕಟಮ್ಮ ಬಿದ್ದುಬಿದ್ದು ನಕ್ಕವ್ಳೆ. ನಲವತ್ತು ವರ್ಸ ಸಂಸಾರ ಮಾಡಿದ ಎಂಡ್ತಿಗೆ ಒಳೀದಿದ್ದ ಎಸ್ರು ನಿಂಗೆ ಒಳೀತಂತೆ. ಈಗ ಮೊಮ್ಮಕ್ಳೂ ಅಂಗೇ ಕರೀತವೆ, ನೀನೇ ಬಂದು ಬುದ್ಧಿ ಏಳು. ಮೂರೇ ತಿಂಗ್ಳು ಅಂತ ಬಂದೋಳು ಅದ್ನಾಲ್ಕು ವರ್ಸ ಇದೀಯಲ್ಲಮ್ಮ... ಆ ಅನ್ನೆರಡೂ ಜನ ಉಳೀಲಿ ಅನ್ನೋದ್ ಕೇಳ್ದಾಗ ಒಸಿ ಒತ್ತು ಆಚೆ ಓಗಿ ನಿಂತ್ಕೊಂಡೆ ಕಣಮ್ಮ. ನಾನೂ ಆವತ್ತು ಅದನ್ನೇ ಕೇಳ್ಕೊಂಡಿದ್ದೆ. ಆದ್ರೆ ಕಿಟಕಿ ಇಚಾರ ಬಾಯ್ಬಿಟ್ಟು ಕೇಳ್ಬಾರ್ದಾಗಿತ್ತಾ? ಪಾಸ್‌ವರ್ಡಲ್ಲಿ ಬರ್ದಿಟ್ರೆ ನಂಗೆಂಗಮ್ಮ ಗೊತ್ತಾಯ್ತದೆ? ಸರಿ, ಉಷಾರಾಗಿ ಬಾ. ಪಾಪು ತರ ಐಸ್ ತಿನ್ಬೇಡ."

ಅದರ ಕೆಳಗೆ ಒಂದು ಫೋಟೋ. ನನ್ನ ಕ್ಯಾಬಿನ್. ಎದುರಿನ ಗೋಡೆ ಒಡೆದಿದ್ದಾರೆ. ಸಿಮೆಂಟ್ ಇನ್ನೂ ಹಸಿ. ಹಸಿರು ಬಣ್ಣದ ಕಿಟಕಿ, ಎರಡು ಬಾಗಿಲು, ಆಚೆ ಹೊಂಗೆಮರ, ಅದರಾಚೆ ದರ್ಶಿನಿಯ ಬೋರ್ಡು. ನನ್ನ ಮೇಜಿನ ಮೇಲೆ ಬಿಸಿಲು ಬಿದ್ದಿದೆ.

ಗಟ್ಟಿಯಾಗಿ ಅತ್ತೆ. ಟೀ ಅಂಗಡಿಯಾತ ಗಾಬರಿಯಾಗಿ ಇನ್ನೊಂದು ಟೀ ಕೊಟ್ಟ. ಸೌಮ್ಯ ಫೋಟೋ ನೋಡಿ ಅವಳೂ ಅತ್ತಳು. ಇಬ್ಬರೂ ನಕ್ಕೆವು.

ಫೋನ್ ಮಾಡಿ ಕ್ಷಮೆ ಕೇಳಿದೆ. "ಆಯ್ತು ಬಿಡಮ್ಮ," ಅಂತ ಗೊಣಗಿದರು. ತಮ್ಮ ಕೀಲಿಯನ್ನೂ ಹೊಸದು ಮಾಡಿಕೊಂಡರಂತೆ. "ಏಳಲ್ಲ, ರೂಲ್ಸ್ ರೂಲ್ಸೇ. ಅದ್ರಲ್ಲಿ ನಿಂಗೂ ಒಂದು ಬೈಗುಳ ಐತೆ, ಅಷ್ಟ್ ತಿಳ್ಕೊ."

ಸೌಮ್ಯ ಜೀಪಿನಿಂದ ಕೂಗುತ್ತಿದ್ದಾಳೆ. ಎರಡೇ ಸಾಲು. ಊರಿಗೆ ಹೋಗಿ ನಾನೂ ನನ್ನ ಕೀಲಿ ಬದಲಾಯಿಸುತ್ತೇನೆ. ಹೊಸ ಕವರ್, ಹೊಸ ಕುಂಕುಮ. ನಾಲ್ಕೂ ಪದ ಈಗಲೇ ಹೊಳೆದಿವೆ, ಈ ಸಲ ಬೈಗುಳ ಒಂದೂ ಇಲ್ಲ. ಮೊದಲನೆಯದು ಕಿ—