ಗೇಣು ಮಣ್ಣಿನಲ್ಲಿ ಸೊಂಟದಾಳದ ಗುಂಡಿ

ಮಂಗಳವಾರ, ಮಧ್ಯಾಹ್ನ
(ಅಮ್ಮ ಮಲಗಿದ್ದಾಳೆ, ಕುರಿಗಳು ಎದ್ದಿವೆ)

ಅಖಂಡ ಮೃತ್ತಿಕಾ ಸಾಮ್ರಾಜ್ಯದ ಅಧೀಶ್ವರಿ, ಗುದ್ದಲಿ-ಜರಡಿ ಬಿರುದಾಂಕಿತೆ, ಕಂಡವರ ಹೊಲದ ಮಣ್ಣನ್ನೆಲ್ಲ ಪರೀಕ್ಷೆಗೆಂದು ಮುಟ್ಟಿದರೂ ಸ್ವಂತ ಮನೆಯ ಪೊರಕೆಯನ್ನು ಮಾತ್ರ ಮುಟ್ಟದ ಶ್ರೀ ಶ್ರೀ ಶ್ರೀ ಅಕ್ಕನವರ ಪಾದಧೂಳಿಗೆ (ಅದು ಯಾವ ಬಗೆಯ ಧೂಳೆಂದು ನೀನೇ ಪರೀಕ್ಷಿಸಿಕೊ) ಕಿರಿಯ ತಂಗಿಯ ಅನಂತಾನಂತ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಹಾಗೆ ಬರೆದದ್ದು ಪೂರ್ತಿ ನಿಜವಲ್ಲವೆಂದು ದಾಖಲಿಸಲು ವಿಷಾದಿಸುತ್ತೇನೆ. ಎಂಜಲು ಕೈಯಲ್ಲಿ ಕಾಗೆ ಓಡಿಸದ ನಮ್ಮ ದರ್ಜಿಮಾವ, ಬಾವಿ ಇರುವ ತನ್ನ ಕೆಳಗಿನ ಹೊಲವನ್ನು ನಮಗೆ ಬಿಟ್ಟುಕೊಟ್ಟು, ನಮ್ಮ ಮೇಲಿನ ಇಳಿಜಾರನ್ನು ತಾನು ಇಟ್ಟುಕೊಳ್ಳುತ್ತಾನಂತೆ. ಶುಕ್ರವಾರ ಸಹಿ.

ಯಾವ ಇಳಿಜಾರು ಎಂದು ನಿನಗೆ ಹೇಳಬೇಕಿಲ್ಲ. ಕುರಿಗಳೂ ಬೇರೆ ದಾರಿಯಿಲ್ಲದೆ ಹೋಗುವ ಜಾಗ. ಮೇಲೆ ಕೆಂಪು ಮರಳುಮಣ್ಣು ಒಂದು ಗೇಣು, ಅದರಡಿ ಬೆರಳಲ್ಲಿ ಒತ್ತಿದರೆ ರೊಟ್ಟಿಯ ಚೂರಿನಂತೆ ಉದುರುವ ಹಳದಿ ಕಲ್ಲು, ಅದರಡಿ ಮರಳುಗಲ್ಲಿನ ಹಾಸುಬಂಡೆ. ಮಳೆ ಬಂದರೆ ನೀರು ಗಟಗಟ ಇಳಿಯುತ್ತದೆ, ಬಂಡೆ ಸಿಕ್ಕಿದೊಡನೆ ಬಂದ ದಾರಿಗೆ ಸುಂಕವಿಲ್ಲವೆಂದು ಪಕ್ಕಕ್ಕೆ ಹರಿದು ಹೋಗುತ್ತದೆ. ಹುಲ್ಲು ಸಿಟ್ಟಾದ ನೆಂಟರಂತೆ ದೂರದೂರ ಕೂತಿದೆ. ಒಂದು ಬುಡ ಕಿತ್ತು ನೋಡಿದೆ: ಬೇರು ಕೆಳಗೆ ಇಳಿದು, ಬಂಡೆ ಮುಟ್ಟಿ, ಚಿಕ್ಕ ಮಂಚದಲ್ಲಿ ಮಲಗಿದ ದೊಡ್ಡವರ ಕಾಲಿನಂತೆ ಅಡ್ಡ ಮಡಚಿಕೊಂಡಿದೆ. ಇಂಥ ನೆಲದ ಮೇಲೆ ಮಾವನಿಗೆ ಮೋಹ!

ಆದದ್ದು ಇಷ್ಟು. ಹೋದ ವಾರ ತಪ್ಪಿಸಿಕೊಂಡ ಮರಿಯನ್ನು ಹುಡುಕಲು ಮಾವ ನನ್ನ ಜೊತೆ ಇಳಿಜಾರಿಗೆ ಬಂದಿದ್ದ. ಮುಳ್ಳುಪೊದೆಯ ಆಚೆ ಸುಸ್ತಾಗಿ ಕೊಡೆ ಊರಿದ. ಕೊಡೆ ಹಿಡಿಕೆಯವರೆಗೆ ಇಳಿಯಿತು. ಮಾವನ ಮುಖ ನೋಡಬೇಕಿತ್ತು ನೀನು. ಗುದ್ದಲಿ ತರಿಸಿ, ತಾನೇ ಅಗೆದು, ಕೊರಳಿನ ಅಳತೆ ಪಟ್ಟಿಯನ್ನು ಗುಂಡಿಗೆ ಇಳಿಬಿಟ್ಟು, "ನೋಡೇ ಪುಟ್ಟಿ, ಸೊಂಟದವರೆಗೂ ಬರೀ ಮಣ್ಣು! ಇದನ್ನ ಕುರಿ ಬಾಯಿಗೆ ಬಿಟ್ಟಿದಾಳಲ್ಲ ನಿಮ್ಮಮ್ಮ!" ಎಂದ. ದಾಳಿಂಬೆ ತೋಟವಂತೆ, ತೋಟದ ನಡುವೆ ಕಲ್ಲಿನ ಬೆಂಚಂತೆ, ಮುಪ್ಪಿನಲ್ಲಿ ಅಲ್ಲಿ ಕೂತು ಗುಂಡಿ ಹೊಲಿಯುತ್ತಾನಂತೆ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನು, ಕಾಲರ್ ಒಂದನ್ನೇ ಅಳೆದು ಇಡೀ ಥಾನಿಗೆ ಕತ್ತರಿ ಹಾಕಲು ಹೊರಟಿದ್ದಾನೆ.

ಅಮ್ಮ ಇದನ್ನು ನಂಬುವುದಿಲ್ಲ. "ನನ್ನ ತಮ್ಮ ಸುಮ್ನೆ ಒಂದು ಸೂಜೀನೂ ಕೊಡೋನಲ್ಲ. ಮಣ್ಣು ನೆಪ ಕಣೇ, ಅವನ ಕಣ್ಣಿರೋದು ಅಡಿಯಲ್ಲಿರೋ ಬಂಡೆ ಮೇಲೆ. ಸೀಳಿ ಚಪ್ಪಡಿ ಮಾಡಿ ಮಾರ್ತಾನೆ" ಎನ್ನುತ್ತಾಳೆ. ಹಾಗೆನ್ನುತ್ತಲೇ ಕೆಳಗಿನ ಹೊಲದಲ್ಲಿ ಕೊಟ್ಟಿಗೆ ಎಲ್ಲಿ ಕಟ್ಟಬೇಕೆಂದು ಹೆಜ್ಜೆ ಹಾಕಿ ಅಳೆದುಬಂದಳು. ಬಾವಿಯ ದಂಡೆ ಮೇಲೆ ಕೂತು ಮಂಡಿ ನೀವಿಕೊಂಡಳು. ಆ ಬಾವಿ ಸಿಕ್ಕರೆ ಬೇಸಗೆಯಲ್ಲಿ ಕುರಿಗಳಿಗೆ ನೀರು ಕುಡಿಸಲು ಹಳ್ಳದವರೆಗೆ ನಡೆಯಬೇಕಾಗಿಲ್ಲ. ಅನುಮಾನಪಡುತ್ತಾ ಆಸೆಪಡುವುದನ್ನು ಅಮ್ಮನಿಂದ ಕಲಿಯಬೇಕು.

ನಾನು ತನಿಖೆಗೆ ಇಳಿದೆ. ಹಾರೆ ಹಿಡಿದು ಇಳಿಜಾರಿನುದ್ದಕ್ಕೂ ಕುಟ್ಟಿಕೊಂಡು ಹೋದೆ. ಎಲ್ಲೆಲ್ಲೂ ಗೇಣಿಗೆ ಟಣ್. ಆ ಗುಂಡಿಯಲ್ಲಿ ಮಾತ್ರ ಮೌನ. ಇಳಿಜಾರಿನ ಮಣ್ಣನ್ನು ನೀರು ಹಾಕಿ ಹೊಸೆದರೆ ಉಂಡೆಯೂ ನಿಲ್ಲದೆ ಕೈತುಂಬ ಮರಳಾಗುತ್ತದೆ. ಗುಂಡಿಯ ಮಣ್ಣು ಬಳೆಯಂತೆ ಬಾಗಿತು. ಹಿಂದೊಮ್ಮೆ ರಜೆಗೆ ಬಂದಾಗ ನೀನೇ ಹೇಳಿಕೊಟ್ಟ ಪರೀಕ್ಷೆ. ಇನ್ನೂ ಇದೆ. ಗುಂಡಿಯ ಗೋಡೆಯಲ್ಲಿ ಪದರವಿಲ್ಲ, ಹಳದಿ ಕಲ್ಲಿನ ಚೂರಿಲ್ಲ, ಒಂದು ಬೇರಿಲ್ಲ. ಒಟ್ಟಿನಲ್ಲಿ ಆ ಮಣ್ಣು ಅಲ್ಲಿ ಹುಟ್ಟಿದ್ದಲ್ಲ, ಎಲ್ಲಿಂದಲೋ ಬಂದು ಮಲಗಿದೆ. ನಮ್ಮ ತಳ್ಳುಗಾಡಿಯ ಚಕ್ರ ಸೊಟ್ಟಗಾಗಿದೆ ಎಂಬುದನ್ನೂ ಗಮನಿಸತಕ್ಕದ್ದು. ಯಾರು ಒಯ್ದಿದ್ದರೆಂದು ಅಮ್ಮ ಕೇಳಿದಳು. ನಾನು ಮಾವನ ಅಂಗಡಿಯ ದಿಕ್ಕಿಗೆ ಅರ್ಥಗರ್ಭಿತವಾಗಿ ನೋಡಿದೆ.

ನನಗೆ ಮಾವನ ಮೇಲೆ ಘೋರ ಅನುಮಾನ. ಅವನಿಗೂ ನನ್ನ ಮೇಲೆ ಏನೋ ಇದೆ. ನಿನ್ನೆ ಅಂಗಡಿಗೆ ಹೋದರೆ ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ, "ಪುಟ್ಟಿ, ಸೊಂಟ ನೋವು ಹೇಗಿದೆ?" ಅಂದ. ನನಗೆ ಸೊಂಟ ನೋವೆಂದು ಯಾರು ಹೇಳಿದರು? ಆಮೇಲೆ ಒಂದು ದಾಳಿಂಬೆ ಸಸಿ ಕೈಗಿಟ್ಟು, "ಮೊದಲನೇದು ನೀನೇ ನೆಡಬೇಕು. ನಿನ್ನ ಕೈಗುಣ ಚೆನ್ನಾಗಿದೆ" ಅಂದ. ಇದು ಪ್ರೀತಿಯೋ ಬಲೆಯೋ? ರಾತ್ರಿಯೆಲ್ಲ ಅವನ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ, ಅಸ್ತರಿನ ಹೊಲಿಗೆ ಕಾಣಲಿಲ್ಲ.

ಆದ್ದರಿಂದ ಸನ್ನಿಧಾನದಲ್ಲಿ ಬಿನ್ನಹ: ಗುರುವಾರವೇ ಬಾ. ನಿನ್ನ ಗಂಭೀರ ಮುಖವನ್ನೂ ಜರಡಿಯನ್ನೂ ತಾ. ಗುಂಡಿ ನೋಡಿ, "ಈ ಗುಂಡಿ ಬಿಟ್ಟರೆ ಎಲ್ಲೂ ಮಣ್ಣು ಗೇಣಿಗಿಂತ ಹೆಚ್ಚಿಲ್ಲ, ತೋಟ ಬದುಕಲ್ಲ, ಹುಲ್ಲಿಗೇ ಬಿಡಿ" ಎಂದು ಮಾವನಿಗೆ ಹೇಳು. ನಾನು ಹೇಳಿದರೆ ತಮಾಷೆ ಎನ್ನುತ್ತಾರೆ. ನೀನು ಹೇಳಿದರೆ ನಂಬುತ್ತಾರೆ. ಹೇಗೆ ಗೊತ್ತಾಯಿತು, ಯಾರು ಬರೆದರು ಎಂದು ಯಾರಾದರೂ ಕೇಳಿದರೆ ಮಣ್ಣೇ ಹೇಳಿತು ಎನ್ನು. ಅಮ್ಮನ ಬಾವಿ ತಪ್ಪುತ್ತದೆ, ಅದು ನನಗೆ ಗೊತ್ತು. ಹಳ್ಳಕ್ಕೆ ಕುರಿ ಹೊಡೆದುಕೊಂಡು ಇನ್ನು ಮೇಲೆ ನಾನೇ ಹೋಗುತ್ತೇನೆ. ಏಕೆಂದು ಮಾತ್ರ ಕೇಳಬೇಡ.

ಇಂತು ನಿನ್ನ ಆಜ್ಞಾಧಾರಕಿ, ಇಳಿಜಾರಿನ ಗೌರವ ಪತ್ತೇದಾರಿಣಿ,
ಪುಟ್ಟಿ

ತಾ.ಕ.: ಕೇಳುತ್ತೀಯೆಂದು ಗೊತ್ತು. ಕರೆಂಟು ಕಂಬ ನೆಡುವವರು ಬಂಡೆ ಒಡೆದು ಬಿಟ್ಟುಹೋದ ಹೊಂಡವದು. ಹಳ್ಳದ ದಂಡೆಯ ಮಣ್ಣನ್ನು ತಳ್ಳುಗಾಡಿಯಲ್ಲಿ ತಂದು ತುಂಬಿಸಿ, ಮೇಲೆ ನಮ್ಮ ಮರಳು ಉದುರಿಸಿ, ಹುಲ್ಲು ನೆಟ್ಟವಳು ನಾನೇ. ಸೊಂಟ ಇನ್ನೂ ನೋಯುತ್ತಿದೆ. ಮಾವನಿಗೆಂದು ಮಾಡಿದ್ದಲ್ಲ ಅಕ್ಕ. ರಜೆಗೆ ಬಂದು ಅಲ್ಲಿ ಗುದ್ದಲಿ ಹಾಕಿದಾಗ ನಿನ್ನ ಮುಖ ಹೇಗಾಗುತ್ತದೆಂದು ನೋಡಬೇಕಿತ್ತು. ನೀನು ಈ ಸಲವೂ ಬರಲಿಲ್ಲ.