ನೀರು ಬೆರೆಸದ ರಸ

ಅಪ್ಪಯ್ಯಾ,

ಯಾರ ಹತ್ತಿರ ಹೇಳಿಕೊಳ್ಳಲಿ? ನಿಮಗೇ ಬರೆಯುತ್ತಿದ್ದೇನೆ.

ಅವತ್ತು ಮಗನ್‌ಭಾಯಿ ಬಿತ್ತನೆಯ ಬಟಾಟೆ ನಾಲ್ಕನ್ನು ಫತೇಗಂಜ್‌ನ ನಮ್ಮ ಹೋಟೆಲಿಗೆ ತಂದಿದ್ದರು. ವರ್ಷಗಟ್ಟಲೆ ನಮಗೆ ಬಟಾಟೆ ಬೆಳೆದು ಕೊಟ್ಟವರು, ನಿಮ್ಮ ಕಣ್ಣನ್ನು ನಂಬುತ್ತಿದ್ದರು. ನೀವು ಒಂದನ್ನು ಕೊಯ್ದು ನೀರಿನ ಲೋಟದಲ್ಲಿ ಹಿಡಿದಿರಿ. ಕೊಯ್ದಲ್ಲಿಂದ ಕೀವಿನಂಥ ಬಿಳಿ ಎಳೆಯೊಂದು ಸಣ್ಣಗೆ ಇಳಿಯಿತು. "ಇದನ್ನ್ ಬಿತ್ತುಕಾಗ ಮಗಾ, ರೋಗ ಹಿಡ್ದಿತ್ತ್" ಅಂದಿರಿ. "ಲೋಟದೊಳ್ಗೆ ಬ್ಯಾಕ್ಟೀರಿಯಾ ಕಾಣತ್ತಾ ಅಪ್ಪಯ್ಯ?" ಎಂದು ಅಡುಗೆಯವರ ಎದುರೇ ನಕ್ಕೆ. ಎಂಥ ಸೊಕ್ಕು ನನ್ನದು.

ನಮ್ಮ ಲ್ಯಾಬಿಗೆ ಪಿಸಿಆರ್ ಯಂತ್ರ ಆಗಷ್ಟೇ ಬಂದಿತ್ತು. ರೋಗಾಣುವಿನ ಡಿಎನ್‌ಎ ಚೂರಿದ್ದರೂ ಅದನ್ನು ಲಕ್ಷಪಟ್ಟು ಹೆಚ್ಚಿಸುತ್ತದೆ, ಆಮೇಲೆ ಜೆಲ್ ಮೇಲೆ ಗೆರೆ ಹೊಳೆಯುತ್ತದೆ. ಏನೂ ತಪ್ಪಿಹೋಗಬಾರದೆಂದು ಬಟಾಟೆಯ ರಸವನ್ನು ಗಟ್ಟಿಯಾಗಿಯೇ ಹಾಕಿದೆ. ಗೆರೆ ಬರಲಿಲ್ಲ. 'ರೋಗವಿಲ್ಲ' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಬಿತ್ತನೆ ಮುಗಿದ ವಾರವೇ ನೀವು ತೀರಿಹೋದಿರಿ.

ಮೊನ್ನೆ ಮಗನ್‌ಭಾಯಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ಗಿಡಗಳು ಹಸಿರಾಗಿದ್ದಂತೆಯೇ ಬಾಡಿ ಮಲಗಿವೆಯಂತೆ. ಫ್ರಿಜ್‌ನಲ್ಲಿ ಉಳಿದಿದ್ದ ರಸಕ್ಕೆ ಹತ್ತು ಪಾಲು ನೀರು ಬೆರೆಸಿ ಮತ್ತೆ ನೋಡಿದೆ. ಗೆರೆ ಬಂತು, ದಪ್ಪ ಗೆರೆ. ಗಟ್ಟಿ ರಸದಲ್ಲಿನ ಬೇರೆ ಅಂಶಗಳೇ ಡಿಎನ್‌ಎ ಹೆಚ್ಚದಂತೆ ತಡೆದು ಅವತ್ತು ಪರೀಕ್ಷೆಯನ್ನು ಕೆಡಿಸಿದ್ದವು. ನೀರು ಬೆರೆಸಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುವಷ್ಟು ತಾಳ್ಮೆ ಅವತ್ತು ನನಗಿರಲಿಲ್ಲ. ಆ ಮಣ್ಣಿನಲ್ಲಿ ಇನ್ನೆಷ್ಟು ವರ್ಷ ಬಟಾಟೆ ಹಾಕುವಂತಿಲ್ಲವೋ... "ಪಿಎಚ್‌ಡಿ ಮುಗಿಯುವವರೆಗೆ ಸುಮ್ಮನಿರು" ಎಂದರು ನಮ್ಮ ಗೈಡ್. ಅದೇ ರಾಶಿಯ ಉಳಿದ ಬಟಾಟೆಯನ್ನು ಮಗನ್‌ಭಾಯಿಯ ತಮ್ಮ ಈ ವಾರ ಬಿತ್ತುವವರಿದ್ದರು. ಹೇಗೆ ಸುಮ್ಮನಿರಲಿ?

ಇವತ್ತು ಬಸ್ಸು ಹಿಡಿದು ಅವರ ಹೊಲಕ್ಕೇ ಹೋಗಿ ಎಲ್ಲ ಹೇಳಿದೆ. ಮಗನ್‌ಭಾಯಿ ಬದುವಿನ ಮೇಲೆ ಕೂತರು. ಬೈಯಲಿ ಎಂದು ಕಾದೆ, ಬೈಯಲಿಲ್ಲ. "ಬೆಹನ್, ಬರೀ ನಿಮ್ಮ ಕಾಗದ ನೋಡಿ ನಾನು ಬಿತ್ತಿದ್ದಲ್ಲ" ಎಂದರು ಹಿಂದಿಯಲ್ಲಿ. "ಅದನ್ನು ಹಿಡಿದುಕೊಂಡು ನಿಮ್ಮ ತಂದೆಯನ್ನು ಮತ್ತೆ ಕೇಳಿದೆ. ಮಗಳು ಓದಿದವಳು, ಅವಳು ಹೇಳಿದ್ದೇ ಸರಿ, ಬಿತ್ತು ಅಂದರು."

ಕಣ್ಣಾರೆ ಕಂಡೂ ಯಾಕೆ ಹಾಗಂದಿರಿ ಅಪ್ಪಯ್ಯ? ನನಗೆ ಎರಡು ಬೈದಿದ್ದರೆ, ಆ ಕಾಗದ ಹರಿದು ಎಸೆದಿದ್ದರೆ...

ಮಗನ್‌ಭಾಯಿ ಎದ್ದು ತಮ್ಮನ ಬಿತ್ತನೆ ಚೀಲಗಳನ್ನು ಟ್ರ್ಯಾಕ್ಟರಿನಿಂದ ಇಳಿಸಿದರು. ಆ ಹೊಲವಾದರೂ ಉಳಿಯಿತು. ಪರೀಕ್ಷೆ ತಪ್ಪಾಗಿತ್ತೆಂದು ಬರೆದು ಸಹಿ ಹಾಕಿ ಕೊಟ್ಟು ಬಂದೆ. ಹೀಗೆ ಬರೆದುಕೊಟ್ಟೆನೆಂದು ನಾಳೆ ಗೈಡ್‌ಗೂ ಹೇಳುತ್ತೇನೆ, ಆಗುವುದು ಆಗಲಿ.

ನೀವು ಹೇಳಿದ್ದೇ ಸರಿ, ಅಪ್ಪಯ್ಯ. ನೀವಿದ್ದಾಗ ಈ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ.