ಏಸಿ ಜಾಳಿಗೆಯಲ್ಲಿ ಎರಡು ಹತ್ತಿ

ಆಸೀಫನ ಅಬ್ಬಾ,

ಅಮ್ಮೀಗೆ ಆರಾಮಿಲ್ಲಂತ, ಘಟಪ್ರಭಾಕ್ಕ ಹೊಂಟೇನಿ. ರೊಟ್ಟಿ ಡಬ್ಬ್ಯಾಗ ಅದಾವ, ಬ್ಯಾಳಿ ಬಿಸಿ ಮಾಡ್ಕೋರಿ.

ಕಾರಿನ ಏಸಿ ಗಾಳಿ ಬರವಲ್ದು ಅಂದಿದ್ರಲ್ಲ, ನಾನ ನೋಡೇನಿ. ಗ್ಯಾರೇಜಿಗೆ ಒಯ್ಯೂದು ಬ್ಯಾಡ. ನಡುವಿನ ಜಾಳಿಗ್ಯಾಗ ಅತ್ತರಿನ ಹತ್ತಿ ಎರಡು ಅದಾವ. ಖಸ್ ಅತ್ತರಿಂದು ನಾ ಇಟ್ಟಿದ್ದು. ಅದರ ಮ್ಯಾಲ ಯಾರೋ ಮಲ್ಲಿಗಿದು ತುರಕ್ಯಾರ.

ಘಮ ನಿಮಗ ಬರಲಿ ಅಂತ ನಾನು ಜಾಳಿಗಿ ಪಟ್ಟಿ ನಿಮ್ಮ ಕಡೆ ತಿರುವಿದ್ದೆ. ಈಗ ಅವು ಬಾಜೂ ಸೀಟಿನ ಕಡೆ ತಿರುಗ್ಯಾವ. ಮೊನ್ನೆ ಈ ಕಾರಿನ್ಯಾಗ ಸಂಕೇಶ್ವರಕ್ಕ ಒಬ್ನ ಹೋಗಿದ್ದೆ ಅಂದ್ರಿ. ಮಲ್ಲಿಗಿ ಅತ್ತರ ತಾನ ಬಂದು ಬಾಜೂ ಕುಂತಿತ್ತೇನು?

ಎರಡೂ ಕೂಡಿದ್ದಕ್ಕ ಗಾಳಿ ನಿಂತೈತಿ. ನಾ ಯಾವುದನ್ನೂ ಮುಟ್ಟಿಲ್ಲ. ಒಂದು ತಗದ್ರ ಸಾಕು, ಗಾಳಿ ಬರತೈತಿ. ಯಾವುದು ತಗದೀರಿ ಅನ್ನೂದು ಬಂದ ಮ್ಯಾಲ ಮೂಗಿಲೇ ತಿಳ್ಕೋತೇನಿ.

ನಜೀರಾ